ಬ್ರೀದಳ ಹಬ್ಬದ ದಿನ ಬೀಸುಕಲ್ಲು

ಗೊಬ್ನಿತ್ ಮದುವೆಯಾಗಿ ಐರಿಷ್ ನಾಡಿನ ಕೆರಿ ಸೀಮೆಯ ಈ ಕಡಲಂಚಿನ ಮನೆಗೆ ಬಂದಾಗ ಅವಳಿಗಾಗಿ ಕಾದು ಕೂತಿದ್ದದ್ದು ಗಂಡ ಟಾಯ್ಗ್ ಅಲ್ಲ, ಒಲೆಯ ಪಕ್ಕದ ಬೀಸುಕಲ್ಲು. ಇಬ್ಬರು ಎದುರುಬದುರು ಕೂತು ಬೀಸುವ ಕಲ್ಲು ಅದು. ಎದುರಿಗೆ ಅತ್ತೆ ಇರುತ್ತಿದ್ದಳು. ಅತ್ತೆ ಸತ್ತ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಬೀಸಬೇಕಾದ ಓಟ್ಸ್ ಮಾತ್ರ ಅಷ್ಟೇ ಇತ್ತು.

ವರ್ಷಕ್ಕೊಂದು ದಿನ ಕಲ್ಲು ನಿಲ್ಲುತ್ತಿತ್ತು. ಸಂತ ಬ್ರೀದಳ ಹಬ್ಬದಂದು ರಾಟೆ, ಗಾಡಿಚಕ್ರ, ಬೀಸುಕಲ್ಲು ಯಾವುದನ್ನೂ ತಿರುಗಿಸುವಂತಿಲ್ಲ. ತಿರುಗಿಸಿದರೆ ದನಕರು ಕಾಯುವ ಆ ಸಂತಳಿಗೆ ಕೋಪ. ಗೊಬ್ನಿತ್ ವರ್ಷವಿಡೀ ಆ ದಿನದ ದಾರಿ ನೋಡುತ್ತಿದ್ದಳು.

ಆ ಸಲ ಮನೆಯಲ್ಲಿ ನಾರ್ವೆಯ ಪಂಡಿತರೊಬ್ಬರು ಉಳಿದಿದ್ದರು. ಹಳೆಯ ಐರಿಷ್ ನಾಮಪದಗಳ ಬೆನ್ನು ಹತ್ತಿದವರು. ಹಬ್ಬದ ಬೆಳಿಗ್ಗೆಯೇ ಅವರಿಗೆ 'ಬ್ರೋ', ಅಂದರೆ ಬೀಸುಕಲ್ಲು, ನೆನಪಾಯಿತು.

"ಅಮ್ಮಾ, ಒಂಚೂರು ಬೀಸಿ ತೋರಿಸ್ತೀರಾ? ನಾಳೆ ಹೊರಡ್ತೀನಿ."

"ಇವತ್ತು ಆಗಲ್ಲ ಮೇಷ್ಟ್ರೇ."

"ಒಂದ್ ಸುತ್ತು ಹಾಕೇ, ಮನೆಗೆ ಬಂದೋರು" ಎಂದ ಟಾಯ್ಗ್, ಬೆಂಕಿ ಕಾಯಿಸುತ್ತಾ.

"ನೀನೇ ಹಾಕು ಮಾರಾಯ. ಹಸು ಗಬ್ಬ ಇದೆ, ನೆನಪಿರ್ಲಿ."

ಟಾಯ್ಗ್ ಕಲ್ಲಿನತ್ತ ಚಾಚಿದ್ದ ಕೈ ಹಿಂದೆಳೆದು ಪೈಪು ಎತ್ತಿಕೊಂಡ. ಗೊಬ್ನಿತ್ ಚಹಾದ ಬಟ್ಟಲು ಹಿಡಿದು ಬೀಸುಕಲ್ಲಿನ ಮೇಲೇ ಕೂತಳು.

ಪಂಡಿತರು ವ್ಯಾಕರಣಕ್ಕೆ ಇಳಿದರು. ಪದ ಬಲು ಹಳೆಯದು. ಷಷ್ಠಿ ವಿಭಕ್ತಿಯಲ್ಲಿ ಅಡಗಿದ್ದ ನಕಾರವೊಂದು ಹೊರಬರುತ್ತದೆ. ಸಂಸ್ಕೃತದ 'ಗ್ರಾವನ್' ಇದರ ದಾಯಾದಿ.

"ಇಲ್ಲಿ ಸ್ತ್ರೀಲಿಂಗ ಅಮ್ಮಾ, ಅಲ್ಲಿ ಪುಲ್ಲಿಂಗ."

"ಗಂಡಾಗಿದ್ದಾಗ ಏನ್ ಕೆಲ್ಸ ಅದಕ್ಕೆ?"

"ಯಜ್ಞದಲ್ಲಿ ಸೋಮರಸ ಹಿಂಡೋದು. ದೇವತೆಗಳು ಕುಡಿಯೋಕೆ. ಅದನ್ನ ಹೊಗಳಿ ಮಂತ್ರಾನೂ ಇದೆ."

"ಹೆಣ್ಣಾದ್ಮೇಲೆ?"

"ಹಿಟ್ಟು..."

"ಹೂಂ" ಎಂದು ಗೊಬ್ನಿತ್ ಚಹಾ ಗುಟುಕರಿಸಿದಳು.

ಸಂಜೆಯವರೆಗೆ ಅವಳು ಎದ್ದದ್ದು ಬೆಂಕಿ ಕೆದಕಲು, ಆಲೂಗಡ್ಡೆ ಬೇಯಿಸಲು, ಹಸುವಿಗೆ ಹುಲ್ಲು ಹಾಕಲು, ಗಂಡಸರಿಬ್ಬರಿಗೆ ಚಹಾ ಕೊಡಲು ಮಾತ್ರ. ಉಳಿದಂತೆ ಪೂರ್ತಿ ರಜೆ.

ಮರುದಿನ ಪಂಡಿತರು ಹೊರಡಲಿಲ್ಲ. ಬೆಳಗಾಗುತ್ತಲೇ ಗೊಬ್ನಿತ್ ಅವರನ್ನು ಅತ್ತೆಯ ಜಾಗದಲ್ಲಿ ಕೂರಿಸಿ ಗೂಟ ಹಿಡಿಸಿದಳು.

"ತಿರುಗ್ಸಿ ಮೇಷ್ಟ್ರೇ. ನಿನ್ನೇದೂ ಸೇರಿದೆ."

ಮಧ್ಯಾಹ್ನದ ಹೊತ್ತಿಗೆ ಪಂಡಿತರು ಪದದ ಮೂಲದ ಮಾತು ಬಿಟ್ಟಿದ್ದರು. ಹಿಟ್ಟು ಕೊಂಚ ತರಿತರಿಯಾಗಿತ್ತು. ಟಾಯ್ಗ್ ರೊಟ್ಟಿ ಮುರಿಯುತ್ತಾ ಅದನ್ನು ಎತ್ತಿ ಆಡಿದ. ಗೊಬ್ನಿತ್ ಅವನಿಗೆ ಕಲ್ಲಿನ ಎದುರಿನ ಜಾಗ ತೋರಿಸಿದಳು.