ಬಕೆಟ್ಟಿನಲ್ಲಿ ಅರವತ್ತು ಮುರುಗೋಡು

ಲಮೋಂಗಾನ್ ಜಿಲ್ಲೆಯವನು ಎಂದ ಕೂಡಲೇ ಸುರಬಾಯ ನಗರದ ಜನ ಫಾತೋನಿಗೆ ಮುರುಗೋಡು ಮೀನಿನ ಬಗ್ಗೆ ಎಲ್ಲ ಗೊತ್ತಿದೆ ಎಂದುಕೊಳ್ಳುತ್ತಿದ್ದರು. ಅದರಲ್ಲಿ ಅವರ ತಪ್ಪೇನಿಲ್ಲ. ಸಂಜೆಯಾದರೆ ಬೀದಿ ಬದಿಯಲ್ಲಿ ಬಟ್ಟೆಯ ಪರದೆ ಕಟ್ಟಿ, ಬೆಕ್ಕಿನಂಥ ಮೀಸೆಯ ಆ ಕರಿ ಮೀನನ್ನು ಗರಿಗರಿಯಾಗಿ ಕರಿದು, ಖಾರದ ಚಟ್ನಿ ಜೊತೆ ಬಡಿಸುವವರು ಹೆಚ್ಚುಕಡಿಮೆ ಅವನ ಜಿಲ್ಲೆಯವರೇ. ಅವನ ಸ್ವಂತ ಚಿಕ್ಕಪ್ಪ ಹದಿನೆಂಟು ವರ್ಷದಿಂದ ಬಾಣಲೆಯ ಮುಂದೆ ನಿಂತಿದ್ದಾನೆ. ಜನಕ್ಕೆ ಗೊತ್ತಿಲ್ಲದ್ದು ಏನೆಂದರೆ, ಆ ಚಿಕ್ಕಪ್ಪ ಈವರೆಗೆ ಅದರ ಒಂದು ತುಂಡನ್ನೂ ಬಾಯಿಗಿಟ್ಟಿಲ್ಲ. ಆ ಮನೆತನದಲ್ಲಿ ಯಾರೂ ಇಟ್ಟಿಲ್ಲ. ಹಿಂದೆ ಯಾವನೋ ಪೂರ್ವಜ ಶತ್ರುಗಳಿಂದ ತಪ್ಪಿಸಿಕೊಳ್ಳಲು ಕೆರೆಗೆ ಹಾರಿದಾಗ ಮುರುಗೋಡುಗಳು ಮುತ್ತಿಕೊಂಡು ಅವನನ್ನು ಮರೆಮಾಡಿದವಂತೆ. ಅಂದಿನಿಂದ ಅವನ ವಂಶದವರು ಅದನ್ನು ತಿನ್ನುವಂತಿಲ್ಲ. ತಿಂದರೆ ಮೈಮೇಲೆ ಬಿಳಿ ಮಚ್ಚೆ ಏಳುತ್ತದೆ. ಫಾತೋನಿಯ ಅಮ್ಮ ಈ ಕಟ್ಟಳೆಯನ್ನು ಇನ್ನಷ್ಟು ಬಿಗಿ ಮಾಡಿ, ಮುಟ್ಟುವುದಕ್ಕೂ ಬಿಟ್ಟಿರಲಿಲ್ಲ.

ಹಾಗಾಗಿ ಇಪ್ಪತ್ತಾರು ವರ್ಷದ ಫಾತೋನಿಗೆ ಮುರುಗೋಡಿನ ಬಗ್ಗೆ ಗೊತ್ತಿದ್ದದ್ದು ಅದಕ್ಕೆ ಮೀಸೆಯಿದೆ ಎಂಬುದಷ್ಟೇ. ಆದರೂ ಯಾರಾದರೂ ಕೇಳಿದರೆ "ನಮ್ ಕಡೆದೇ ಅಲ್ವಾ" ಎಂದು ತಲೆಯಾಡಿಸಿಬಿಡುತ್ತಿದ್ದ. ಪಾರ್ಸೆಲ್ ಗೋದಾಮಿನಲ್ಲಿ ದೊಡ್ಡ ಪೆಟ್ಟಿಗೆ ಈ ಕಡೆ, ಚಿಕ್ಕ ಪೆಟ್ಟಿಗೆ ಆ ಕಡೆ ಎಂದು ದಿನವಿಡೀ ಬೇರ್ಪಡಿಸುವ ಕೆಲಸ ಅವನದು. ಅದನ್ನು ಹೇಳಿಕೊಂಡು ಎದೆಯುಬ್ಬಿಸುವ ಹಾಗಿರಲಿಲ್ಲ. ಪುಕ್ಕಟೆ ಸಿಕ್ಕ ಪಾಂಡಿತ್ಯವನ್ನಾದರೂ ಯಾಕೆ ಬಿಡಬೇಕು?

ಅವನಿದ್ದದ್ದು ಓಣಿಯ ಕೊನೆಯ ವಠಾರದಲ್ಲಿ, ಒಂದು ಕೋಣೆಯಲ್ಲಿ. ಜೊತೆಗೊಂದು ಗಂಡು ಬೆಕ್ಕು. ಬಾಲವನ್ನು ನೆಟ್ಟಗೆತ್ತಿಕೊಂಡು ಪ್ರತಿ ಮನೆಯ ಬಾಗಿಲಲ್ಲೂ ನಿಂತು ನೋಡಿಕೊಂಡು ಹೋಗುವ ಅದಕ್ಕೆ ಓಣಿಯವರೇ ಲುರಾ, ಅಂದರೆ ಊರ ಮುಖ್ಯಸ್ಥ, ಎಂದು ಹೆಸರಿಟ್ಟಿದ್ದರು. ಲುರಾನ ತಪಾಸಣೆ ಹೆಚ್ಚಾಗಿ ನಡೆಯುತ್ತಿದ್ದದ್ದು ವಠಾರದ ಒಡತಿ ಬು ಸುಪಿಯಾ ಅವರ ಅಡುಗೆಮನೆಯಲ್ಲಿ. ಅಲ್ಲಿ ಹಿರಿಯ ಹೆಂಗಸರಿಗೆ ಬು, ಹಿರಿಯ ಗಂಡಸರಿಗೆ ಪಾಕ್, ಹರೆಯದವರಿಗೆ ಮಾಸ್ ಎನ್ನುವುದು ವಾಡಿಕೆ.

"ಮಾಸ್ ಫಾತೋನಿ! ನಿನ್ನ ಲುರಾ ಸಾಹೇಬ್ರು ಇವತ್ತೂ ದಯಮಾಡ್ಸಿದ್ರು. ಬೇಯ್ಸಿಟ್ಟ ಮೀನು ಎರಡು ಮಾಯ."

"ಅವನೇ ಅಂತ ಹೇಗೆ ಹೇಳ್ತೀರಿ, ಬು?"

"ಹೇಗೆ ಅಂದ್ರೆ? ನನ್ನೆದುರಿಗೇ ಕೂತು ಬಾಯಿ ಒರೆಸ್ಕೋತಿದ್ದ! ಇನ್ನೊಂದು ಸಲ ಆಗ್ಲಿ, ಅಕ್ಕಿ ಚೀಲಕ್ಕೆ ತುಂಬಿ ಮಾರ್ಕೆಟ್ಟಲ್ಲಿ ಬಿಟ್ಟು ಬರ್ತೀನಿ."

ಅದು ಬಾಯಿಮಾತಿನ ಬೆದರಿಕೆಯಲ್ಲ. ಹೋದ ವರ್ಷ ಪಕ್ಕದ ಕೋಣೆಯವರ ಕೆಂಚು ಬೆಕ್ಕು ಹಾಗೆಯೇ ಸ್ಕೂಟರ್ ಹತ್ತಿ ಹೋಗಿತ್ತು. ಮತ್ತೆ ಯಾರೂ ಅದನ್ನು ನೋಡಲಿಲ್ಲ.

ಹೊಟ್ಟೆ ತುಂಬಿದ ಬೆಕ್ಕು ಕದಿಯುವುದಿಲ್ಲ ಎಂದು ಫಾತೋನಿ ಲೆಕ್ಕ ಹಾಕಿದ. ಓಣಿಯಲ್ಲಿ ನಾಲ್ಕಾರು ಮನೆಯವರು ದೊಡ್ಡ ಬಕೆಟ್ಟಿನಲ್ಲಿ ಮುರುಗೋಡು ಸಾಕಿ, ಅದರ ಅಂಚಿಗೆ ಪ್ಲಾಸ್ಟಿಕ್ ಲೋಟ ನೇತುಹಾಕಿ ಸೊಪ್ಪು ಬೆಳೆಯುತ್ತಿದ್ದರು. ಅವನೂ ಎಂಬತ್ತು ಲೀಟರಿನ ಬಕೆಟ್ ತಂದ. ಮೀನುಮರಿ ಮಾರುವ ಪಾಕ್ ಕಸ್ಮುರಿ ಅರವತ್ತು ಮರಿ ಎಣಿಸಿ ಕೊಟ್ಟು, "ಸಾಕೋ ಕ್ರಮ ಹೇಳ್ಲಾ, ಮಾಸ್?" ಎಂದು ಕೇಳಿದರು.

"ಬೇಡ ಪಾಕ್. ನಾನು ಲಮೋಂಗಾನಿನವ್ನು."

"ಓಹೋ, ಹಾಗಾದ್ರೆ ನೀವೇ ನಂಗೆ ಹೇಳ್ಕೊಡ್ಬೇಕು ಬಿಡಿ."

ಫಾತೋನಿ ಇಲ್ಲವೆನ್ನಲಿಲ್ಲ.

ಮೀನು ಬೆಳೆಯುವವರೆಗೆ ಬು ಸುಪಿಯಾ ಗಡುವು ಕೊಟ್ಟರು. ಅಲ್ಲಿಯವರೆಗೆ ಫಾತೋನಿ ತನ್ನ ಬುತ್ತಿಯ ಅರ್ಧವನ್ನು ಲುರಾಗೆ ಹಾಕಿದ. ಬೆಳಿಗ್ಗೆ ಸಂಜೆ ಬಕೆಟ್ಟಿಗೆ ಮೀನಿನ ಮೇವಿನ ಕಾಳು ಚೆಲ್ಲಿ, ಮುಚ್ಚಳದ ಮೇಲೆ ಇಟ್ಟಿಗೆ ಹೇರುತ್ತಿದ್ದ. ಇಟ್ಟಿಗೆಯ ಪಕ್ಕದಲ್ಲಿ ಲುರಾ ಕೂರುತ್ತಿತ್ತು. ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸುವಾಗ ಒಳಗೆ ಕಪ್ಪಗೆ ಏನೋ ಹೊರಳಾಡುವುದು ಕಾಣುತ್ತಿತ್ತೇ ಹೊರತು ಎಷ್ಟಿವೆ ಎಂದು ತಿಳಿಯುತ್ತಿರಲಿಲ್ಲ. ಸೊಪ್ಪು ಮಾತ್ರ ಎರಡು ಸಲ ಕೊಯ್ಲಿಗೆ ಬಂತು. ತಾನು ಹುಟ್ಟು ಮೀನುಗಾರನೇ ಇರಬೇಕು ಎಂದು ಫಾತೋನಿಗೆ ಅನ್ನಿಸಿತು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬು ಸುಪಿಯಾ ಚಾಕು, ಮಣೆ ಹಿಡಿದುಕೊಂಡೇ ಬಂದು ಕೂತರು. ಫಾತೋನಿ ಬಕೆಟ್ ಬಗ್ಗಿಸಿ ನೀರು ಬಸಿದ. ತಳದಲ್ಲಿ ಹನ್ನೊಂದು ಮೀನಿದ್ದವು.

"ಅರವತ್ತು ಅಂದಿದ್ದೆ," ಎಂದರು ಬು ಸುಪಿಯಾ.

"ಅರವತ್ತೇ, ಬು."

ಇಬ್ಬರೂ ಗೋಡೆಯ ಕಡೆ ನೋಡಿದರು. ಲುರಾ ಅಲ್ಲಿ ಕೂತು ಮುಂಗಾಲು ನೆಕ್ಕಿಕೊಳ್ಳುತ್ತಿತ್ತು. ಬು ಸುಪಿಯಾ ಎದ್ದು ಒಳಗೆ ಹೋಗಿ ಅಕ್ಕಿ ಚೀಲ ಕೊಡವಿಕೊಂಡು ಬಂದರು.

"ಬು, ಇಟ್ಟಿಗೆ ಹೇರಿದ್ದೆ. ಬೆಕ್ಕು ಇಟ್ಟಿಗೆ ಎತ್ತುತ್ತಾ?"

"ಊರ ಮುಖ್ಯಸ್ಥ ಅಲ್ವಾ, ಯಾರ ಕೈಲೋ ಎತ್ತಿಸಿರ್ತಾನೆ. ಹಿಡ್ಕೊಡು ಅವನ್ನ."

ಫಾತೋನಿ ಬೆಕ್ಕನ್ನು ಹಿಡಿಯಲಿಲ್ಲ. ಮತ್ತೆ ಬಕೆಟ್ಟಿಗೆ ಬಗ್ಗಿ ನೋಡಿದ. ಹತ್ತು ಮೀನು ಹೆಬ್ಬೆರಳಿನ ದಪ್ಪ. ಒಂದು ಮಾತ್ರ ಮುಂಗೈ ದಪ್ಪ. ಆ ಒಂದರ ಬಾಯಿಂದ ಏನೋ ಜೋತಾಡುತ್ತಿತ್ತು. ಅಮ್ಮ ನೆನಪಾದಳು. ಒಂದು ಕ್ಷಣ ಕೈ ಹಿಂದಕ್ಕೆ ಬಂತು, ಆಮೇಲೆ ಒಳಕ್ಕೆ ಹೋಯಿತು. ಮುಳ್ಳು ಅಂಗೈಗೆ ಚುಚ್ಚಿ ರಕ್ತ ಬಂದರೂ ಅವನು ಮೀನನ್ನು ಬಿಡದೆ ಮೇಲೆತ್ತಿದ.

"ನೋಡಿ ಬು, ಕಳ್ಳ ಇವ್ನು! ಬಾಯಲ್ಲಿ ಇನ್ನೊಂದರ ಬಾಲ ನೋಡಿ!"

ಬು ಸುಪಿಯಾ ಕನ್ನಡಕ ಸರಿಮಾಡಿಕೊಂಡು ನೋಡಿದರು. ಬಾಲ ಇನ್ನೂ ಅಲ್ಲಾಡುತ್ತಿತ್ತು.

"ಅಲ್ಲ ಮಾಸ್, ನೀನು ದೊಡ್ಡದನ್ನೂ ಚಿಕ್ಕದನ್ನೂ ಬೇರೆ ಮಾಡ್ಲೇ ಇಲ್ವಾ? ಹದಿನೈದು ದಿನಕ್ಕೊಂದ್ಸಲ ಮಾಡ್ದಿದ್ರೆ ಒಂದನ್ನೊಂದು ನುಂಗ್ತಾವೆ. ಹಾಲು ಕುಡಿಯೋ ಕೂಸಿಗೂ ಗೊತ್ತು. ಲಮೋಂಗಾನಿನವ್ನಲ್ವೇನೋ ನೀನು!"

"ನಾವು ಇದನ್ನ ತಿನ್ನಲ್ಲ, ಬು. ಮುಟ್ಟಿದ್ದು ಇವತ್ತೇ ಮೊದ್ಲು."

"ಸರಿಹೋಯ್ತು. ಗೋದಾಮಲ್ಲಿ ದಿನಾ ಏನ್ ಕೆಲ್ಸ ನಿಂದು?"

"ದೊಡ್ಡದನ್ನ, ಚಿಕ್ಕದನ್ನ ಬೇರೆ ಮಾಡ್ತೀನಿ, ಬು."

ಬು ಸುಪಿಯಾ ನಕ್ಕ ನಗುವಿಗೆ ಅಕ್ಕಪಕ್ಕದ ಎರಡು ಬಾಗಿಲು ತೆರೆದವು. ನಗು ನಿಂತ ಮೇಲೆ ಚೀಲವನ್ನು ಕೆಳಗೆ ಹಾಸಿ, ಅದರ ಮೇಲೆ ಕೂತು ಮೀನು ಹಸನು ಮಾಡತೊಡಗಿದರು. ಮೊದಲ ಮೀನನ್ನು ಹಸಿಯಾಗಿಯೇ ಲುರಾನ ಮುಂದೆ ಎಸೆದರು. ಅದು ಮೂಸಿ ನೋಡಿ, ತನ್ನ ಹೊಲಸಿಗೆ ಮಣ್ಣು ಮುಚ್ಚುವ ಹಾಗೆ ಸಿಮೆಂಟು ನೆಲವನ್ನು ಕೆರೆದು ಆಚೆ ಹೋಯಿತು.

"ನೋಡಪ್ಪಾ ಇವನ ದೌಲತ್ತು!" ಎಂದು ಬೈಯುತ್ತ ಬು ಸುಪಿಯಾ ಎಲ್ಲವನ್ನೂ ಅರಿಸಿನ ಹಚ್ಚಿ ಕರಿದರು. ವಾಸನೆಗೆ ಲುರಾ ವಾಪಸು ಬಂತು. ಆ ಕಳ್ಳಮೀನಿನ ತಲೆಯನ್ನು ಅವರು ಊದಿ ಊದಿ ಆರಿಸಿ, ಮುಳ್ಳು ತೆಗೆದು, ಕೈಯಾರೆ ತಿನ್ನಿಸಿದರು. ಫಾತೋನಿಯ ತಟ್ಟೆಗೆ ಅನ್ನ, ಸೊಪ್ಪು, ತೆಂಪೆ ಎಂಬ ಕರಿದ ಸೋಯಾ ಬಿಲ್ಲೆ ಬಿತ್ತು.

ಒಂದು ವಾರ ಅವನು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಮೈ ಪರೀಕ್ಷಿಸಿಕೊಂಡ. ಒಂದು ದಿನ ಕುತ್ತಿಗೆಯ ಮೇಲೆ ಬಿಳಿ ಮಚ್ಚೆ ಕಂಡು ಬೆರಳಿನಿಂದ ಉಜ್ಜಿ ನೋಡಿದ. ಪೌಡರು.

ಈಗ ಬಾಗಿಲ ಬಳಿ ಬಕೆಟ್ ಎರಡಿವೆ, ದೊಡ್ಡವಕ್ಕೊಂದು, ಚಿಕ್ಕವಕ್ಕೊಂದು. ಕ್ರಮವನ್ನೆಲ್ಲ ಪಾಕ್ ಕಸ್ಮುರಿ ಹೇಳಿಕೊಟ್ಟರು, ನಡುನಡುವೆ "ನಿಮಗೆ ಗೊತ್ತಿಲ್ಲದ್ದೇನಲ್ಲ" ಎಂದು ಸೇರಿಸುತ್ತ. ಬೆಳೆದ ಮೀನೆಲ್ಲ ಬು ಸುಪಿಯಾ ಅವರ ಬಾಣಲೆಗೆ ಹೋಗುತ್ತದೆ. ಅವರ ಅಡುಗೆಮನೆಯಿಂದ ಮೀನು ಕಳುವಾಗುವುದು ನಿಂತಿದೆ, ಕೊಡುವುದನ್ನೇ ತಿಂದು ಮುಗಿಸಲು ಲುರಾಗೆ ಪುರುಸೊತ್ತಿಲ್ಲ. ಮಲಗುವುದೂ ಅಲ್ಲೇ, ಹೊಸ್ತಿಲ ಹತ್ತಿರ, ನಾಲ್ಕು ಮಡಿಕೆ ಮಾಡಿ ಹಾಕಿದ ಆ ಅಕ್ಕಿ ಚೀಲದ ಮೇಲೆ. ಹೊಸ ಬಾಡಿಗೆಯವರು "ಬೆಕ್ಕು ಯಾರ್ದು?" ಎಂದರೆ ಬು ಸುಪಿಯಾ "ನಮ್ದು" ಎನ್ನುತ್ತಾರೆ.

ಫಾತೋನಿ ಭಾನುವಾರ ಎರಡು ಬಕೆಟ್ಟುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಮೀನು ಬೇರ್ಪಡಿಸುತ್ತಾನೆ. ಆಗ ಮಾತ್ರ ಲುರಾ ಬಾಲವೆತ್ತಿಕೊಂಡು ಬಂದು, ಅವನ ಕೆಲಸವನ್ನು ಸ್ವಲ್ಪ ಹೊತ್ತು ನೋಡಿ, ಅಡುಗೆಮನೆಗೆ ವಾಪಸು ಹೋಗುತ್ತದೆ.