ಒಂದು ಹೆಸರಿನಷ್ಟು ಗೆರೆ

ಆಗ ನನಗೆ ಅರವತ್ತೊಂಬತ್ತು. ಮೂರು ವರ್ಷದ ಹಿಂದಿನ ಮಾತು. ಸತ್ತುಹೋಗಿದ್ದ ಅಕ್ಕನ ಬಾಯಿಂದ ಬಂದ ಒಂದು ಮಾತನ್ನು ನಾನು ಅಳಿಸಿಹಾಕಿದೆ. ಸ್ಲೇಟು ಒರೆಸಿದ ಹಾಗೆ.

ಹೇಗೆ ಅಂತೀರಾ?

ನನ್ನ ತಮ್ಮನ ಮಗಳು ಗಿರಿಜಾ ನಮ್ಮ ಮಧುಗಿರಿಯಲ್ಲೇ ಇದ್ದಾಳೆ. ಲಗ್ನಪತ್ರಿಕೆಗೆ, ಅಂಗಡಿ ಬೋರ್ಡಿಗೆ ಚೆಂದದ ಅಕ್ಷರ ಮಾಡಿಕೊಡುವುದು ಅವಳ ಕೆಲಸ. ಎಲ್ಲಾ ಕಂಪ್ಯೂಟರಿನಲ್ಲೇ. ಅದಕ್ಕೆ ಫಾಂಟ್ ಅನ್ನುತ್ತಾರೆ. ಆ ವರ್ಷ ಅವಳೊಂದು ವಿಚಿತ್ರ ಫಾಂಟ್ ಮಾಡುತ್ತಿದ್ದಳು. ಅದರಲ್ಲಿ ಅ ಆ ಇ ಈ ಇಲ್ಲ. ಬರೀ ನಿಂತ ಗೆರೆಗಳು. ಕೆಲವು ಗಿಡ್ಡ, ಕೆಲವು ಉದ್ದ.

“ಇದು ದನಿ ಅತ್ತೆ. ಜೋರಾಗಿ ಅಂದ್ರೆ ಉದ್ದ ಗೆರೆ, ಮೆತ್ತಗಂದ್ರೆ ಗಿಡ್ಡ ಗೆರೆ. ಮೆಸೇಜ್ ಟೈಪ್ ಮಾಡ್ದಂಗೆ ಇದ್ನ ತಿದ್ಬೋದು. ಗೆರೆ ಅಳ್ಸಿದ್ರೆ ಅಷ್ಟು ದನಿ ಹೋಗ್ತೈತೆ. ಇಲ್ಲಿಂದ ತೆಗ್ದು ಅಲ್ಲಿ ಅಂಟ್ಸಿದ್ರೆ ಅಲ್ಲಿ ಕೇಳಿಸ್ತೈತೆ.”

“ಇದು ಯಾತಕ್ಕೆ ಬರ್ತೈತೆ?” ಅಂದೆ.

“ಓದೋಕೆ ಬರ್ದೋರೂ ದನಿ ತಿದ್ಬೋದು. ನಿನ್ನಂತೋರು.”

(ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಪೇಪರಿಗೆ ಈ ಅಂಕಣ ಬರೆಯುವಾಗ ಒತ್ತಕ್ಷರ ಬಂದರೆ ಈಗಲೂ ಪೆನ್ನು ನಿಲ್ಲುತ್ತದೆ. ನಿಮಗೆ ಗೊತ್ತಿರುವುದೇ.)

ಗಿರಿಜಾ ಹತ್ತಿರ ಅಕ್ಕನ ಹಾಡುಗಳಿದ್ದವು. ಮದಲೂರಿಗೆ ಕೊಟ್ಟಿದ್ದ ನನ್ನಕ್ಕ ಸೋಬಾನೆ ಹಾಡುವುದರಲ್ಲಿ ಗಟ್ಟಿಗಿತ್ತಿ. ಸಾಯುವುದಕ್ಕೆ ಮುಂಚೆ ಇವಳು ಹೋಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದಳು. ಆ ಫೋನು ಆಮೇಲೆ ನೀರಿನ ಡ್ರಮ್ಮಿಗೆ ಬಿದ್ದು ಕೆಟ್ಟುಹೋಯಿತು. ಉಳಿದದ್ದು ಅಷ್ಟರಲ್ಲಿ ಅವಳು ಕಂಪ್ಯೂಟರಿನಲ್ಲಿ ಮಾಡಿಟ್ಟಿದ್ದ ಈ ಗೆರೆಗಳು ಮಾತ್ರ.

ಅಕ್ಕನ ವರ್ಷದ ತಿಥಿಯಲ್ಲಿ ಹಾಡು ಹಾಕೋಣ ಅಂತಾಯಿತು. ನೆಂಟರ ಮುಂದೆ ಹಾಕುವ ಮೊದಲು ನಾನೊಮ್ಮೆ ಕೇಳಿದೆ. ಹಾಡು ಮುಗಿಯಿತು. ಅದರೊಳಗಿಂದಲೇ ಗಿರಿಜಾ ದನಿ ಬಂತು: “ದೊಡ್ಡತ್ತೆ, ಮಾವನ ಹೆಸ್ರೇನು? ಒಂದ್ಸಲ ಹೇಳು.” ಅಕ್ಕ ನಗುತ್ತಾಳೆ. “ಥೂ, ಹೋಗೇ” ಅನ್ನುತ್ತಾಳೆ. ಆಮೇಲೆ ಮೆತ್ತಗೆ, “ಭೀಮಣ್ಣ.”

ನಮ್ಮಲ್ಲಿ ಹೆಂಗಸು ಗಂಡನ ಹೆಸರು ಹೇಳುವುದುಂಟೇ? ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವಳ ಕೈಲಿ ಹೇಳಿಸುತ್ತೇವೆ. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಅಂತ ಅವ್ವ ಹೇಳಿಕೊಟ್ಟಿದ್ದಳು. (ಹೇಳದವರ ಗಂಡಂದಿರೂ ಸತ್ತರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.)

“ಅಳ್ಸೇ ಅದ್ನ. ನೆಂಟ್ರ ಮುಂದೆ ಸತ್ತೋಳ ಮಾನ ಕಳೀತೀಯಾ?”

“ಚೆಂದಾಗೈತಲ್ಲ ಅತ್ತೆ, ಇರ್ಲಿ ಬುಡು.”

“ಇಲ್ಲಿ ಕೊಡು, ನಾನೇ ಅಳ್ಸ್ತೀನಿ.”

ಗಿಡ್ಡ ಗೆರೆಗಳ ಒಂದು ಸಣ್ಣ ಸಾಲು. ಅವಳು ತೋರಿಸಿದ ಗುಂಡಿ ಒತ್ತಿದೆ. ಹೋಯಿತು. ಅವಳು ಹೇಳಿದ್ದು ಸುಳ್ಳಲ್ಲ, ನನ್ನಂಥವಳಿಗೂ ಸುಲಭ. ಸೇವ್ ಮಾಡಿಸಿಯೇ ಎದ್ದೆ.

ತಿಥಿಯ ದಿನ ಮದಲೂರಿನಲ್ಲಿ ಹಾಡು ಹಾಕಿದೆವು. ಎಲ್ಲರೂ ಕಣ್ಣೊರೆಸಿಕೊಂಡರು. ಊಟ ಮುಗಿದು ನೆಂಟರು ಬಸ್ಸಿಗೆ ಹೊರಟ ಮೇಲೆ ಭಾವ ಬಂದು ಗಿರಿಜಾ ಪಕ್ಕದಲ್ಲಿ ಕೂತರು.

“ಇನ್ನೊಂದು ಐತಲ್ಲ, ಅದ್ನ ಹಾಕು ಮಗ.”

“ಯಾವ್ದು ಮಾವ?”

“ಅವತ್ತು ನಾನು ಬಾಗ್ಲ ಹಿಂದೆ ನಿಂತಿದ್ದೆ. ನಿಮ್ಮತ್ತೆ ನನ್ನ ಹೆಸ್ರು ಹೇಳಿದ್ಲು. ಅಲ್ಲೀಗಂಟ ಒಂದ್ಸಲಾನೂ ಹೇಳ್ದೋಳಲ್ಲ. ಅದ್ನ ಹಾಕು.”

ಗಿರಿಜಾ ನನ್ನ ಮುಖ ನೋಡಿದಳು.

“ನಾನೇ ಅಳ್ಸ್ಬುಟ್ಟೆ ಭಾವ.”

“ಯಾಕಮ್ಮ?”

“ನೆಂಟ್ರು ಏನಂತಾರೋ ಅಂತ.”

“ನೆಂಟ್ರನ್ನ ಕರ್ದಿದ್ಲೇನಮ್ಮ ಅವ್ಳು?”

ನಾನು ಎಂಜಲೆಲೆ ಎತ್ತತೊಡಗಿದೆ. ಮತ್ತೇನು ಮಾಡಲಿ?

ಗಿರಿಜಾ ಲ್ಯಾಪ್‌ಟಾಪ್ ತೆಗೆದಳು. ಪಾಂಡವರ ಹಾಡಿನಿಂದ ಒಂದು ‘ಭೀಮ’ ಹೆಕ್ಕಿದಳು. ತವರಿನ ಹಾಡಿನಿಂದ ಒಂದು ‘ಅಣ್ಣ’. ಎರಡು ಸಾಲು ಗೆರೆ ಪಕ್ಕಪಕ್ಕ ಅಂಟಿಸಿ ನಡುವೆ ಒಂದೆರಡು ತಿದ್ದಿದಳು. ದನಿ ಅಕ್ಕನದೇ. ಹೆಸರೂ ಅದೇ.

ಭಾವ ಕಿವಿಗೆ ಕೈ ಕೊಟ್ಟು ಕೇಳಿದರು. “ಇನ್ನೊಂದ್ಸಲ” ಅಂದರು. ಇನ್ನೊಂದು ಸಲವೂ ಕೇಳಿದರು.

“ಒಂದು ಪಾಂಡವರ ಭೀಮ ಕಣಮ್ಮ, ಇನ್ನೊಂದು ತವರಿನ ಅಣ್ಣ. ಇದ್ರಾಗೆ ನಾನೆಲ್ಲಿದೀನಿ?” ಅಂದವರೇ ಎದ್ದು ದನಕ್ಕೆ ನೀರು ಇಡಲು ಹೋದರು.

ದನಿಯನ್ನು ಬರಹ ಮಾಡಿದಳು ಹುಡುಗಿ, ಜಾಣೆ. ತಪ್ಪು ಅವಳದಲ್ಲ, ಫಾಂಟಿನದೂ ಅಲ್ಲ. ಬರಹ ಅಂದಮೇಲೆ ಅಳಿಸಿದರೆ ಮತ್ತೆ ಬರೆಯಬಹುದು ಅಂದುಕೊಳ್ಳುತ್ತೇವೆ. ಬರೆಯುವುದಕ್ಕೆ ಅಕ್ಕ ಎಲ್ಲಿದ್ದಾಳೆ? ಊರಿಗೆಲ್ಲ ಮಾನ ಹಂಚುವ ಕೆಲಸವನ್ನು ನಮಗೆ ಯಾರು ಕೊಟ್ಟರೋ. ಇದ್ದಾಗ ಬಾಯಿ ಕಟ್ಟಿದ್ದು ಸಾಲದು ಅಂತ ಸತ್ತ ಮೇಲೂ ಕಟ್ಟಿದೆ.

ಭಾವ ಈಗಲೂ ನನ್ನನ್ನು ಮಾತಾಡಿಸುತ್ತಾರೆ. ಆ ವಿಷಯ ಮಾತ್ರ ಎತ್ತುವುದಿಲ್ಲ. ಒಂದು ಸಲ ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.

ಅವತ್ತು ತಿಥಿ ಮುಗಿಸಿ ಸಂಜೆ ಬಸ್ಸಿಗೆ ವಾಪಸು ಬಂದೆ. ಮಾರನೇ ಬೆಳಿಗ್ಗೆ ನಮ್ಮ ಯಜಮಾನರು ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದರು. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, ಮದುವೆಯಾದ ಮೇಲೆ ಮೊದಲ ಸಲ, ಹೆಸರು ಹಿಡಿದು ಕೂಗಿದೆ. “ಈರಣ್ಣಾ.”

ಪೇಪರ್ ಮಡಿಚಿಟ್ಟು ಎದ್ದರು. ಬೀದಿಯ ಆ ಕಡೆ ಈ ಕಡೆ ನೋಡಿದರು.

“ಯಾರೇ ಅದು, ನನ್ನ ಕೂಗಿದ್ದು?”