ಖಲಾಸ್ ಅಲ್ಲ, ಖಲಾಸಿ

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ನನ್ನ ಗಂಡ ಪೂವಪ್ಪನವರನ್ನು ನೋಡಿಯೇ ಯಾರೋ ಕಟ್ಟಿರಬೇಕು. ವಾರವಿಡೀ ಗಲ್ಫಿನ ಜೆಬೆಲ್ ಅಲಿ ಬಂದರಿನಲ್ಲಿ ಕ್ರೇನ್ ರಿಪೇರಿಯ ಇಂಜಿನಿಯರ್. ಶುಕ್ರವಾರ ರಜೆ ಬಂದರೆ ನಾವಿದ್ದ ದೇರಾದ ಉಳಿದ ಗಂಡಸರು ಹೆಂಡತಿಯ ಜೊತೆ ತಿರುಗಾಡಲು ಹೋಗುತ್ತಿದ್ದರು, ನಮ್ಮವರು ವಿಮಾನ ಹಾರಿಸಲು ಹೋಗುತ್ತಿದ್ದರು. ಹವ್ಯಾಸಿ ಪೈಲಟ್‌ಗಳ ಸ್ವಯಂಸೇವಕ ಗುಂಪು ಅದು. ನಾಲ್ಕು ಸೀಟಿನ ಗಡಗಡ ವಿಮಾನ, ಬಿಡಿಗಾಸೂ ಸಂಬಳವಿಲ್ಲ. ಸಮುದ್ರದಲ್ಲಿ ದೋಣಿ ಕಾಣೆಯಾದರೆ, ಮರಳುಗಾಡಿನಲ್ಲಿ ಜನ ದಾರಿ ತಪ್ಪಿದರೆ ಮೇಲಿನಿಂದ ಹುಡುಕಿಕೊಡುವುದು ಅವರ ಕೆಲಸ.

ಇವರು ಮಲ್ಪೆಯವರು. ನನ್ನ ಮಾವ ಮೀನಿನ ಬೋಟಿನಲ್ಲಿ ಖಲಾಸಿಯಾಗಿದ್ದರು, ಎಂದರೆ ಬಲೆ ಎಳೆಯುವ ಆಳು. ಗುಂಪಿನವರು ಕೇಳಿದರೆ ಮಾತ್ರ ಇವರು "ತಂದೆಯದು ಬೋಟ್ ಬಿಸಿನೆಸ್" ಎನ್ನುತ್ತಿದ್ದರು. ಕೇಳಿ ನನಗೆ ಮೈ ಉರಿಯುತ್ತಿತ್ತು. ಖಲಾಸಿ ಎಂಬ ಮಾತೇ ನಮ್ಮ ಮನೆಯಿಂದ ಮಾಯವಾಗಿತ್ತು. ಉಳಿದದ್ದು ಅರಬಿಗಳ ಖಲಾಸ್. ಅನ್ನ ಮುಗಿದರೂ ಖಲಾಸ್, ಜಗಳ ಮುಗಿದರೂ ಖಲಾಸ್.

ತೊಂಬತ್ತೆಂಟರ ಚಳಿಗಾಲದ ಒಂದು ಶುಕ್ರವಾರ ಗಾಳಿಗೆ ಸಿಕ್ಕಿ ಮೀನಿನ ಲಾಂಚೊಂದು ಮಗುಚಿತು. ಅದರಲ್ಲಿ ಎಷ್ಟು ಜನವಿದ್ದರೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಇವರು ವಿಮಾನ ಹತ್ತಿ ಹಾರಿದರು. ಕೆಳಗೆ ಇನ್ನೊಂದು ಲಾಂಚಿನಲ್ಲಿ ಭಟ್ಕಳದ ಅಬ್ದುಲ್ ರವೂಫ್ ರೇಡಿಯೋ ಹಿಡಿದು ಹುಡುಕುತ್ತಿದ್ದ. ರೇಡಿಯೋದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದೆಂಬುದು ಗುಂಪಿನ ನಿಯಮ. ಆದರೆ ಕನ್ನಡದವ ಸಿಕ್ಕಿದ ಖುಷಿಗೆ ಇವರಿಗೆ ನಿಯಮ ಎಲ್ಲಿ ನೆನಪಿರುತ್ತದೆ?

ಗದ್ದೆ ಉಳುವ ಹಾಗೆ ಸಾಲು ಹಿಡಿದು ಕಡಲಿನ ಮೇಲೆ ಹೋಗಿ ಬರುತ್ತಿದ್ದರು. ಸಂಜೆಯ ಹೊತ್ತಿಗೆ ರವೂಫನ ದನಿ ಬಂತು. "ಪೂವಪ್ಪಣ್ಣ, ನಾಲ್ಕು ಜನ ಸಿಕ್ಕಿದ್ರು. ಒಬ್ಬ ಖಲಾಸಿ ಸಿಗ್ಲಿಲ್ಲ" ಎಂದು ಅವನು ಹೇಳಿದ್ದು. ಗಾಳಿಯ ಗದ್ದಲದಲ್ಲಿ ಇವರಿಗೆ ಕೇಳಿಸಿದ್ದು "ನಾಲ್ಕು ಜನ ಸಿಕ್ಕಿದ್ರು" ಮತ್ತು "ಖಲಾಸ್". ಎಲ್ಲರೂ ಸಿಕ್ಕರು, ಕೆಲಸ ಮುಗಿಯಿತು ಎಂದುಕೊಂಡು ವಿಮಾನ ತಿರುಗಿಸಿದರು.

ಮನೆಗೆ ಬಂದು ಖುಷಿಯಿಂದ ಮೀನು ಸಾರು ಬಡಿಸಿಕೊಂಡಿದ್ದರು. ಆಗ ರವೂಫನ ಫೋನು ಬಂತು.

"ಅಣ್ಣ, ನೀವು ಯಾಕೆ ತಿರುಗಿ ಹೋದದ್ದು? ಖಲಾಸಿ ಇನ್ನೂ ನೀರಲ್ಲೇ ಇದ್ದಾನಲ್ಲ!"

ಹೊರಗೆ ಕತ್ತಲಾಗಿತ್ತು, ಆ ವಿಮಾನ ಕತ್ತಲಲ್ಲಿ ಹುಡುಕಲಾರದು. ಇವರು ಬಟ್ಟಲು ದೂಡಿ ನೆಲದ ಮೇಲೆ ಕುಳಿತುಬಿಟ್ಟರು. ನಾನು ಬೈಯಲೆಂದೇ ಬಂದವಳು, ಆ ಮುಖ ನೋಡಿ ಬಟ್ಟಲು ಎತ್ತಿಟ್ಟು ಪಕ್ಕದಲ್ಲಿ ಕುಳಿತೆ.

"ಬೇರೆ ಯಾರಾದ್ರೂ ತಪ್ಪಿ ಕೇಳಿಸಿಕೊಂಡಿದ್ರೆ ಬಿಡು ಲೋಲಾಕ್ಷಿ," ಎಂದರು. "ಖಲಾಸಿಯ ಮಗ ನಾನು. ನನಗೆ ಕೇಳ್ಲಿಲ್ಲ ಅಂದ್ರೆ ಎಂತ?"

ಬೆಳಕು ಹರಿಯುವಾಗ ಇವರು ವಿಮಾನದ ಬಳಿಗೆ ಓಡಿದರು. ಆದರೆ ಅಷ್ಟರಲ್ಲಿ ರವೂಫನಿಗೇ ಆ ಖಲಾಸಿ ಸಿಕ್ಕಿದ್ದ. ಹೆಸರು ಮೋಹನದಾಸ್, ಗಂಗೊಳ್ಳಿಯವನು. ಮೀನಿನ ಥರ್ಮಾಕೋಲ್ ಪೆಟ್ಟಿಗೆಯನ್ನು ತಬ್ಬಿಕೊಂಡು ತೇಲುತ್ತಿದ್ದನಂತೆ. ಜೀವ ಇತ್ತು.

ಮಧ್ಯಾಹ್ನ ಆಸ್ಪತ್ರೆಗೆ ನಾನೂ ಹೋದೆ. ಉಪ್ಪುನೀರಿಗೆ ಅವನ ತುಟಿಯೆಲ್ಲ ಒಡೆದಿತ್ತು. ಪೈಲಟ್ ಇವರೇ ಎಂದು ರವೂಫ್ ಹೇಳಿದ್ದೇ ತಡ, ಮೋಹನದಾಸ್ ಇವರ ಎರಡೂ ಕೈ ಹಿಡಿದುಕೊಂಡ.

"ನೀವು ನನ್ನ ತಲೆ ಮೇಲೇ ಬಂದ್ರಿ ಅಣ್ಣ. ನಾನು ಕೈ ಬೀಸಿದೆ. ನೀವು ತಿರುಗಿದ್ರಿ. ನೋಡಿದ್ರು, ಇನ್ನು ಬೋಟು ಕಳಿಸ್ತಾರೆ ಅಂತ ನಂಗೆ ಧೈರ್ಯ ಬಂತು. ಆ ಧೈರ್ಯದಲ್ಲೇ ಪೆಟ್ಟಿಗೆ ಬಿಡ್ಲಿಲ್ಲ."

ರವೂಫ್ ಕಿಟಕಿಯ ಕಡೆ ಮುಖ ತಿರುಗಿಸಿದ. ಇವರು ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೂಂ ಎನ್ನಲಿ ಎಂದು ನನ್ನ ಹೆಂಗರುಳು ಹಾರೈಸಿದ್ದೂ ನಿಜ.

"ಇಲ್ಲ ಮಾರಾಯ," ಎಂದರು ಕೊನೆಗೆ. "ನಾನು ನಿನ್ನನ್ನು ನೋಡ್ಲೇ ಇಲ್ಲ. ಎಲ್ಲರೂ ಸಿಕ್ಕಿದ್ರು ಅಂತ ತಿಳ್ಕೊಂಡು ಮನೆಗೆ ಹೋದದ್ದು."

ಮೋಹನದಾಸ್ ಕೈ ಬಿಡಲಿಲ್ಲ. ಸಿಟ್ಟಿರಲಿಲ್ಲ, ನಿಜವಾಗಿಯೂ ಗೊತ್ತಾಗದವನ ಹಾಗೆ ಕೇಳಿದ.

"ಹಾಗಾದ್ರೆ ಇಡೀ ರಾತ್ರಿ ನಾನು ಕಾದದ್ದು ಯಾರನ್ನು ಅಣ್ಣ?"